ಎರಡೂ ಕಡೆ ಕೆಂಪು

ಈ ವರ್ಷ ಜೂನ್ ಮೊದಲ ವಾರದಲ್ಲಿ ನಮ್ಮ ಕಾಲೇಜಿನ ಗೇಟಿಗೆ ಹಸಿರು ಬಣ್ಣ ಬಳಿದರು. ನಾನು ಬೆಳಗಾವಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಕಲಿಸುತ್ತೇನೆ. ಬೆಳಿಗ್ಗೆ ಸ್ಕೂಟಿ ನಿಲ್ಲಿಸಿ ಒಳಗೆ ಹೋಗುವಾಗ ಹಸಿ ಎಣ್ಣೆಬಣ್ಣದ ವಾಸನೆ ಬಂತು. ಹಿಂದಿನ ದಿನ ಮಳೆಯಾಗಿತ್ತು. ಬಣ್ಣದ ಡಬ್ಬಿಗಳ ಮೇಲೆ ಗೋಣಿಚೀಲ ಹೊದಿಸಿದ್ದರು. ಬಣ್ಣದ ವಾಸನೆಯೊಳಗೆ ತೊಯ್ದ ಗೋಣಿಯ ವಾಸನೆಯೂ ಸೇರಿತ್ತು. ಅಲ್ಲಿ ಎಷ್ಟು ಹೊತ್ತು ನಿಂತೆನೋ ಖಚಿತವಾಗಿ ಹೇಳಲಾರೆ. ಕಾವಲುಗಾರ, "ಕೈ ಹಚ್ಚಬ್ಯಾಡ್ರಿ ಮೇಡಂ, ಇನ್ನಾ ಆರಿಲ್ಲ," ಎಂದಾಗ ನೋಡಿಕೊಂಡೆ. ನನ್ನ ಬಲಗೈಯ ಎರಡು ಬೆರಳುಗಳಿಗೆ ಹಸಿರು ಹತ್ತಿತ್ತು.

ಹೇಳಬೇಕಾದದ್ದು ಆರು ವರ್ಷಗಳ ಹಿಂದಿನ ಒಂದು ಮಳೆಗಾಲದ ವಿಷಯ. ಅದನ್ನು ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ದುಃಖ ಹೆಚ್ಚಾಗಿ ಹೇಳಲಿಲ್ಲ ಎಂದು ಬರೆದರೆ ಅದು ಸರಿಯಾದ ಮಾತಾಗುವುದಿಲ್ಲ. ಆ ದಿನಗಳಲ್ಲಿ ದುಃಖವಾದ ನೆನಪೇ ನನಗಿಲ್ಲ. ಚಳಿಗೆ ಮರಗಟ್ಟಿದ ಬೆರಳಿನಿಂದ ಒಂದು ವಸ್ತುವನ್ನು ಮುಟ್ಟಿದರೆ ಅದರ ಆಕಾರವಷ್ಟೇ ತಿಳಿಯುತ್ತದೆ, ಬಿಸಿಯೋ ತಂಪೋ ತಿಳಿಯುವುದಿಲ್ಲ. ಆ ಮಳೆಗಾಲ ನನ್ನಲ್ಲಿ ಹಾಗೆ ಆಕಾರವಾಗಿ ಉಳಿದಿದೆ.

ಖಾನಾಪುರದಿಂದ ನಂದಗಡದ ಕಡೆಗೆ ಹೋಗುವಾಗ ಒಂದು ಹಳ್ಳಕ್ಕೆ ಹಳೆಯ ಸೇತುವೆ ಇತ್ತು. ಆ ವರ್ಷ ಅದನ್ನು ಅಗಲ ಮಾಡುವ ಕೆಲಸ ನಡೆದಿತ್ತು. ಅರ್ಧ ಸೇತುವೆಯನ್ನು ತಗಡಿನ ಬೇಲಿ ಕಟ್ಟಿ ಮುಚ್ಚಿದ್ದರಿಂದ ಒಂದು ಸಲಕ್ಕೆ ಒಂದೇ ಕಡೆಯ ವಾಹನಗಳು ದಾಟಬೇಕಿತ್ತು. ಸೇತುವೆಯ ಎರಡೂ ತುದಿಗಳಲ್ಲಿ ರಸ್ತೆ ತಿರುಗುತ್ತದೆ, ಬಿದಿರು ದಟ್ಟವಾಗಿದೆ. ಈ ತುದಿಯವನಿಗೆ ಆ ತುದಿ ಕಾಣುವುದಿಲ್ಲ. ಖಾನಾಪುರದ ಕಡೆಯ ತುದಿಯಲ್ಲಿ ನಿಂತು ವಾಹನಗಳನ್ನು ಬಿಡುವ ಕೆಲಸ ನನ್ನ ತಂದೆ ಮಲ್ಲಪ್ಪನವರದು. ನಂದಗಡದ ಕಡೆಯ ತುದಿಯಲ್ಲಿ ಅವರ ಗೆಳೆಯ ಪರಶುರಾಮ. ಆತ ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ ಮಾತನಾಡುವವನು. ನಾನು ಅವನನ್ನು ಪರಶು ಕಾಕಾ ಎನ್ನುತ್ತಿದ್ದೆ.

ಇಬ್ಬರ ನಡುವೆ ಒಂದು ಕೋಲು ಇತ್ತು. ನಮ್ಮ ಕಡೆ ಅದಕ್ಕೆ ಬಡಿಗಿ ಎನ್ನುತ್ತಾರೆ. ಮೊಳದುದ್ದದ ಬಿದಿರಿನ ತುಂಡು. ಮಳೆ ಹಿಡಿಯುವ ಮೊದಲು ಅಪ್ಪ ಅದಕ್ಕೆ ಹಸಿರು ಬಣ್ಣ ಬಳಿದು, ಗೋಣಿಚೀಲದ ಮೇಲೆ ಒಣಗಲು ಇಟ್ಟಿದ್ದರು. ಅಪ್ಪ ಒಂದು ಸಾಲು ವಾಹನಗಳನ್ನು ಬಿಟ್ಟು, ಕೊನೆಯ ವಾಹನದವರ ಕೈಗೆ ಕೋಲನ್ನು ಕೊಡುತ್ತಿದ್ದರು. ಅವರು ಅದನ್ನು ಆಚೆ ತುದಿಯಲ್ಲಿ ಪರಶು ಕಾಕಾನಿಗೆ ಒಪ್ಪಿಸಬೇಕು. ಕೋಲು ಕೈಗೆ ಬಂತೆಂದರೆ ಸೇತುವೆ ಖಾಲಿಯಾಗಿದೆ ಎಂದು ಅರ್ಥ. ಆಗ ಕಾಕಾ, "ಮುಟ್ತೋ ಮಲ್ಲಪ್ಪಾ," ಎಂದು ಕೂಗಿ ತನ್ನ ಕಡೆಯ ಸಾಲನ್ನು ಬಿಡುತ್ತಿದ್ದ. ಕೋಲು ಯಾರ ಕೈಯಲ್ಲಿಲ್ಲವೋ ಅವರು ಯಾರನ್ನೂ ಬಿಡುವಂತಿರಲಿಲ್ಲ.

ಒಂದು ದಿನ ಊಟದ ಡಬ್ಬಿ ಕೊಡಲು ಹೋದಾಗ ಕೋಲು ಬರುವುದೇ ನಿಂತುಹೋಗಿತ್ತು. ಬದನೆಕಾಯಿ ಹೇರಿಕೊಂಡಿದ್ದ ಒಂದು ಟೆಂಪೋದವನು ಅದನ್ನು ಕೊಡುವುದನ್ನು ಮರೆತು ನೇರವಾಗಿ ನಂದಗಡದ ಸಂತೆಗೆ ಒಯ್ದುಬಿಟ್ಟಿದ್ದ. ಅಪ್ಪ ಸ್ವಲ್ಪ ಹೊತ್ತು ಕಾದರು. ಆಮೇಲೆ, ಹಾರ್ನ್ ಹೊಡೆಯುತ್ತಿದ್ದವರತ್ತ ಕೈಯೆತ್ತಿ ತಡೆದು, ಸೇತುವೆಯ ಮೇಲೆ ನಡೆದುಕೊಂಡೇ ಆಚೆ ಹೋದರು. ಸಂಜೆ ಟೆಂಪೋ ಮರಳುವವರೆಗೆ ಇಬ್ಬರೂ ಪರಶು ಕಾಕಾನ ಛತ್ರಿಯನ್ನೇ ಕೋಲಿನ ಬದಲಿಗೆ ಓಡಾಡಿಸಿದರು.

"ಏ ಮಲ್ಲಪ್ಪಾ, ನನ್ನ ಛತ್ರಿ ಗಾಡ್ಯಾಗ ಕುಂತು ಅಡ್ಡಾಡಾಕತ್ತೈತಿ, ನಾ ಇಲ್ಲಿ ತೊಯ್ಯಾಕತ್ತೇನಿ," ಎಂದು ಆಚೆಯಿಂದ ಕಾಕಾನ ದನಿ ಬರುತ್ತಿತ್ತು.

"ತೊಯ್ಯಿ ಬಿಡೋ. ಹಂಗರ ಒಮ್ಮೆ ಜಳಕಾ ಆಕ್ಕೈತಿ."

ಡಬ್ಬಿ ಬಿಚ್ಚುತ್ತ ಅಪ್ಪ ನನಗೆ ತಮ್ಮ ನಿಯಮವನ್ನು ತಿಳಿಸಿದರು. "ಬಡಿಗಿ ಮುಟ್ಟಲಿಲ್ಲ ಅಂದ್ರ ಇಬ್ಬರೂ ಯಾರನೂ ಬಿಡಬಾರದವ್ವಾ. ಕೊಟ್ಟಾಂವ ನಡಕೊಂಡು ಹೋಗಿ ಹುಡುಕಬೇಕು. ಕುಂತಲ್ಲೆ ಕುಂತ್ರ ಗಾಡಿಯಾವ್ರು ಎಷ್ಟೊತ್ತು ತಡದಾರು?"

ನಾನು ಆಗ ಬೆಳಗಾವಿಯಲ್ಲಿ ಎಂ.ಟೆಕ್. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ತಪ್ಪಾದರೆ ತಿದ್ದಿ ಹೇಳುವವರು ಮನೆಯಲ್ಲಿ ಇಲ್ಲದವರಿಗೆ ಒಂದು ಅಭ್ಯಾಸ ಬೆಳೆಯುತ್ತದೆ: ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಓದಿಕೊಳ್ಳುವುದು. ಬಹುಶಃ ಅದಕ್ಕೇ ನನಗೆ ಆ ವಿಷಯ ಇಷ್ಟವಾಯಿತು. ಬೇರೆ ಬೇರೆ ಸ್ಥಳಗಳಲ್ಲಿದ್ದು, ಒಂದೇ ಸಮಯದಲ್ಲಿ, ಪರಸ್ಪರ ಸಂದೇಶ ಕಳುಹಿಸುತ್ತ ಕೆಲಸ ಮಾಡುವ ಯಂತ್ರಗಳಿರುತ್ತವೆ. ಅವುಗಳ ನಡವಳಿಕೆಯನ್ನು ನಾವು ಒಂದು ಚಿಕ್ಕ ಭಾಷೆಯಲ್ಲಿ ಮಾದರಿಯಾಗಿ ಬರೆಯುತ್ತೇವೆ. ಎಂದಿಗೂ ಆಗಬಾರದ್ದು ಯಾವುದು ಎಂಬುದನ್ನೂ ಬರೆಯುತ್ತೇವೆ. ಆಮೇಲೆ ತಪಾಸಣೆಯ ತಂತ್ರಾಂಶವೊಂದು ಕುಳಿತು, ಯಾವುದು ಮೊದಲು, ಯಾವುದು ನಂತರ ಎಂಬ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನಡೆದು ನೋಡುತ್ತದೆ. ಆಗಬಾರದ್ದು ಎಲ್ಲಾದರೂ ಆಗುವಂತಿದ್ದರೆ, ಅಲ್ಲಿಗೆ ತಲುಪುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಮುದ್ರಿಸಿ ಕೊಡುತ್ತದೆ. ಮನುಷ್ಯರು ಒಂದೆರಡು ಸಾಧ್ಯತೆ ನೋಡಿ ಸಾಕೆನ್ನುತ್ತಾರೆ, ಅದು ಸಾಕೆನ್ನುವುದಿಲ್ಲ. ತಪ್ಪಿಲ್ಲ ಎಂದು ಅದು ಹೇಳಿದರೆ ನಿಜವಾಗಿಯೂ ತಪ್ಪಿಲ್ಲ ಎಂದು ನಾನು ನಂಬಿದ್ದೆ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಚಿಕ್ಕ ಕಂಪನಿಯವರು ರಸ್ತೆ ಕೆಲಸದ ಜಾಗಗಳಿಗಾಗಿ ಸಂಚಾರದೀಪಗಳನ್ನು ತಯಾರಿಸುತ್ತಿದ್ದರು. ಎರಡು ಕಂಬ, ಎರಡು ದೀಪ, ಎರಡಕ್ಕೂ ಬ್ಯಾಟರಿ, ನಡುವೆ ತಂತಿಯಿಲ್ಲದೆ ರೇಡಿಯೋ ಮೂಲಕ ಸಂದೇಶ. ಅದರ ತರ್ಕ ಸರಿಯಾಗಿದೆಯೇ ಎಂದು ಪರಿಶೀಲಿಸುವುದೇ ನನ್ನ ಪ್ರಾಜೆಕ್ಟ್ ಎಂದು ನನ್ನ ಮಾರ್ಗದರ್ಶಕಿ ದೇಸಾಯಿ ಮೇಡಂ ಗೊತ್ತುಮಾಡಿದರು. ದೀಪಗಳನ್ನು ಮೊದಲು ಎಲ್ಲಿ ನಿಲ್ಲಿಸುತ್ತಾರೆ ಎಂದು ತಿಳಿದದ್ದು ಕಂಪನಿಯ ವ್ಯವಸ್ಥಾಪಕ ಪಾಟೀಲರು ಸ್ಥಳ ನೋಡಲು ಕರೆದುಕೊಂಡು ಹೋದ ದಿನ. ಜೀಪು ಖಾನಾಪುರ ದಾಟಿ ನಂದಗಡದ ರಸ್ತೆಗೆ ತಿರುಗಿದಾಗ ನನಗೆ ಗೊತ್ತಾಯಿತು. ಅಲ್ಲಿ ನಿಲ್ಲುವವರು ನನ್ನ ತಂದೆ ಎಂದು ಹೇಳಲು ಇನ್ನೂ ಸಮಯವಿತ್ತು. ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಓದಿಕೊಂಡೆ. ಅಷ್ಟರಲ್ಲಿ ಜೀಪು ನಿಂತಿತು.

ಅಪ್ಪ ಮಳೆಗೆ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ನಿಂತಿದ್ದರು. ನನ್ನನ್ನು ನೋಡಿದರು, ಪಾಟೀಲರನ್ನು ನೋಡಿದರು, ನನ್ನ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ನೋಡಿದರು. ಆಮೇಲೆ ಕೈ ಮುಗಿದು, "ಬರ್ರಿ ಸಾಹೇಬ್ರ. ಬರ್ರಿ ಮೇಡಂ," ಎಂದರು.

"ನಮಸ್ಕಾರ," ಎಂದೆ.

ಪಾಟೀಲರು ಕೆಲಸದ ಕ್ರಮ ಕೇಳಿದರು. ಅಪ್ಪ ಕೋಲನ್ನು ತೋರಿಸಿ ಎಲ್ಲವನ್ನೂ ವಿವರಿಸಿದರು. "ಅಕಸ್ಮಾತ್ ಬಡಿಗಿ ಮುಟ್ಟಲಿಲ್ಲಂದ್ರ, ಕೊಟ್ಟಾಂವ ನಡಕೊಂಡು ಹೋಗ್ತಾನ್ರಿ," ಎಂದರು. ಅದನ್ನು ಹೇಳುವಾಗ ನನ್ನ ಕಡೆ ನೋಡಿದರು. ಪಾಟೀಲರು ನಕ್ಕು, "ಇನ್ನ ಮ್ಯಾಲ ನಡ್ಯೂದೇನ ಬ್ಯಾಡ್ರಿ ಯಜಮಾನ್ರ. ಸಂದೇಶ ಗಾಳ್ಯಾಗ ಹೋಗ್ತೈತಿ," ಎಂದರು. ನಾನು ನೋಟುಬುಕ್ಕಿನಲ್ಲಿ ಸೇತುವೆಯ ಉದ್ದ, ದಾಟಲು ಬೇಕಾದ ಸಮಯ, ಕಂಬಗಳ ಜಾಗ ಎಲ್ಲವನ್ನೂ ಬರೆದುಕೊಂಡೆ. ನಡೆದುಕೊಂಡು ಹೋಗುವ ವಿಷಯವನ್ನು ಬರೆದುಕೊಳ್ಳಲಿಲ್ಲ.

ಆ ವಾರ ಮನೆಗೆ ಹೋದಾಗ ಅಪ್ಪ ಆ ದಿನದ ಬಗ್ಗೆ ಏನೂ ಕೇಳಲಿಲ್ಲ. ಅವ್ವನಿಗೂ ಹೇಳಿರಲಿಲ್ಲ. ಊಟದ ಮಧ್ಯೆ ಮಾತ್ರ, "ದೀಪಾ ಬಂದ ಮ್ಯಾಲ ಪರಶ್ಯಾನ ಲೋಂಡಾದ ಕೆಲಸಕ್ಕ ಹಾಕ್ತಾರಂತ. ನನಗ ಬ್ಯಾಟರಿ ಕಾಯಾಕ ಹೇಳ್ಯಾರ," ಎಂದರು.

ಕಂಪನಿಯವರ ಮೂಲ ವಿನ್ಯಾಸ ಹೀಗಿತ್ತು: ಈ ತುದಿಯ ದೀಪ ಕೆಂಪಾಗಿ, ಸೇತುವೆ ಖಾಲಿಯಾಗುವಷ್ಟು ಸಮಯ ಕಳೆದ ಮೇಲೆ, "ಇನ್ನು ನಿನ್ನ ಸರದಿ" ಎಂಬ ಸಂದೇಶ ಆಚೆ ತುದಿಗೆ ಹೋಗುತ್ತದೆ. ಉತ್ತರ ಬರದಿದ್ದರೆ ಅದೇ ಸಂದೇಶವನ್ನು ಮತ್ತೆ ಕಳುಹಿಸುತ್ತದೆ. ಇದನ್ನು ನಾನು ಮಾದರಿಯಾಗಿ ಬರೆದೆ. ಸಂದೇಶವು ಗಾಳಿಯಲ್ಲಿ ಕಳೆದುಹೋಗಬಹುದು, ತಡವಾಗಿ ಬರಬಹುದು ಎಂದೂ ಬರೆದೆ. ಎರಡೂ ಕಡೆ ಒಂದೇ ಸಲಕ್ಕೆ ಹಸಿರು ಆಗಬಾರದು ಎಂಬ ನಿಯಮ ಕೊಟ್ಟೆ. ಕೆಲವೇ ಕ್ಷಣಗಳಲ್ಲಿ ತಂತ್ರಾಂಶ ತಪ್ಪನ್ನು ಹಿಡಿಯಿತು. ತಡವಾದ ಹಳೆಯ ಸಂದೇಶ, ಮತ್ತೆ ಕಳುಹಿಸಿದ ಹೊಸ ಸಂದೇಶ ಎರಡೂ ಬಂದು ಮುಟ್ಟಿದರೆ ಆಚೆಯ ದೀಪಕ್ಕೆ ಒಂದೇ ಸರದಿ ಎರಡು ಸಲ ಸಿಗುತ್ತಿತ್ತು. ಎರಡನೆಯ ಸಲ ಎರಡೂ ಕಡೆ ಹಸಿರಾಗುತ್ತಿತ್ತು.

ದೇಸಾಯಿ ಮೇಡಂ ಅದನ್ನು ಇಡೀ ತರಗತಿಗೆ ತೋರಿಸಿದರು. "ನೋಡ್ರಿ, ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರೇಣುಕಾ ಹಿಡದಾಳ," ಎಂದರು. ಹದಿನೇಳು ವರ್ಷ ಓದಿದ್ದರಲ್ಲಿ ಒಬ್ಬರು ನನ್ನ ಹೆಸರನ್ನು ಹಾಗೆ ಹೇಳಿದ್ದು ಅದೇ ಮೊದಲು.

ಪಾಟೀಲರು ತಕ್ಷಣ ಪರಿಹಾರ ಸೂಚಿಸಿದರು. ಮತ್ತೆ ಕಳುಹಿಸುವುದನ್ನೇ ತೆಗೆದುಹಾಕಿದರಾಯಿತು. ಒಂದು ಸರದಿಗೆ ಒಂದೇ ಸಂದೇಶ. ಮಾದರಿಯನ್ನು ಹಾಗೆ ತಿದ್ದಿದೆ. ಈಗ ಎರಡೂ ಕಡೆ ಹಸಿರಾಗುವ ಒಂದು ದಾರಿಯೂ ಉಳಿಯಲಿಲ್ಲ. ಆದರೆ ತಂತ್ರಾಂಶಕ್ಕೆ ಇನ್ನೊಂದು ಗುಣವಿದೆ. ಮುಂದೆ ಯಾವ ಹೆಜ್ಜೆಯನ್ನೂ ಇಡಲಾಗದೆ ಎಲ್ಲವೂ ನಿಂತುಹೋಗುವ ಸ್ಥಿತಿ ಕಂಡರೆ, ನಾವು ಕೇಳದಿದ್ದರೂ ಅದು ಹೇಳುತ್ತದೆ. ಅದು ಹೇಳಿತು. ಆ ಒಂದೇ ಸಂದೇಶ ಕಳೆದುಹೋದರೆ, ಕಳುಹಿಸಿದ ದೀಪ ತನ್ನ ಸರದಿ ಮರಳಿ ಬರಲಿ ಎಂದು ಕಾಯುತ್ತದೆ. ಆಚೆಯ ದೀಪ ಬಾರದ ಸಂದೇಶಕ್ಕಾಗಿ ಕಾಯುತ್ತದೆ. ಎರಡೂ ಕಡೆ ಕೆಂಪು, ಯಾರಾದರೂ ಬಂದು ಬಿಡಿಸುವವರೆಗೆ.

ವರದಿ ಒಪ್ಪಿಸಲು ನಾಲ್ಕು ದಿನವಿತ್ತು. ಕಾಗದ ಹಿಡಿದು ಮೇಡಂ ಅವರ ಬಳಿಗೆ ಹೋದೆ.

"ರೇಡಿಯೋ ಕಂಪನಿಯವರು ಸಂದೇಶ ಕಳೆಯೂದಿಲ್ಲ ಅಂತ ಬರೆದು ಕೊಟ್ಟಾರ. ಕಳೆಯೂದಿಲ್ಲ ಅಂತ ನೀನೂ ಒಂದು ಗೃಹೀತ ಹಾಕು. ಎಲ್ಲಾರೂ ಹಾಕ್ತಾರ," ಎಂದರು.

"ಮಳೆಗಾಲ ಅಲ್ಲರಿ ಮೇಡಂ?"

"ಕೆಂಪು ಅಂದ್ರ ಸುರಕ್ಷಿತ ಅಲ್ಲೇನವಾ? ನಿಂತ ಗಾಡಿಗೆ ಏನಾಗ್ತದ?"

ಅದಕ್ಕೆ ಇದ್ದ ಉತ್ತರ ಸೇತುವೆಯ ಬಳಿ ಗೋಣಿಕೊಪ್ಪೆ ಹಾಕಿಕೊಂಡು ನಿಂತಿತ್ತು. ಅದನ್ನು ನಾನು ಬರೆದುಕೊಂಡಿರಲಿಲ್ಲ. ನಮ್ಮ ಆ ಭಾಷೆಯಲ್ಲಿ ಒಂದು ಸಾಲಿನ ಮುಂದೆ ಎರಡು ಓರೆಗೆರೆ ಎಳೆದರೆ ಸಾಲು ನಮಗೆ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಸಂದೇಶ ಕಳೆದುಹೋಗಬಹುದು ಎಂದಿದ್ದ ಸಾಲಿನ ಮುಂದೆ ಎರಡು ಗೆರೆ ಎಳೆದೆ. ತಂತ್ರಾಂಶ ಮತ್ತೊಮ್ಮೆ ಎಲ್ಲ ದಾರಿಗಳನ್ನೂ ನಡೆದು ಬಂದು, ತಪ್ಪುಗಳು ಸೊನ್ನೆ ಎಂದಿತು. ವರದಿಯ ಮೂವತ್ತೊಂದನೆಯ ಪುಟದಲ್ಲಿ, "ಸಂದೇಶಗಳು ನಷ್ಟವಾಗುವುದಿಲ್ಲ ಎಂದು ಭಾವಿಸಲಾಗಿದೆ" ಎಂಬ ವಾಕ್ಯವನ್ನು ಸೇರಿಸಿದೆ. ಆ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲವೆಂದು ಎರಡು ಸಲ ನೋಡಿದೆ.

ಜುಲೈಯಲ್ಲಿ ದೀಪಗಳು ಬಂದವು. ಪರಶು ಕಾಕಾ ಲೋಂಡಾದ ಕಡೆಗೆ ಹೋದ. ಅಪ್ಪ ಖಾನಾಪುರದ ತುದಿಯಲ್ಲಿ, ತಗಡಿನ ಗೂಡಿನೊಳಗೆ, ಬ್ಯಾಟರಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿಕೊಂಡು ಕೂರುತ್ತಿದ್ದರು. ಕೋಲನ್ನು ಗೂಡಿನ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಮೂರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಅವ್ವ ಫೋನಿನಲ್ಲಿ, "ನಿಮ್ಮಪ್ಪ ದೀಪಾ ಭಾಳ ಛಲೋ ಐತಿ ಅಂತಾನ. ಯಾರ್ ಮಾಡ್ಯಾರೋ ಏನೋ, ಶಾಣ್ಯಾ ಮಂದಿ ಅಂತಾನ," ಎಂದಳು.

ನಂದಗಡದ ಸಂತೆಯ ದಿನ, ಮಧ್ಯಾಹ್ನ ಮೂರರ ಸುಮಾರು. ನಾನು ಹಾಸ್ಟೆಲಿನಲ್ಲಿ ಮೌಖಿಕ ಪರೀಕ್ಷೆಗಾಗಿ ಸ್ಲೈಡುಗಳನ್ನು ಸಿದ್ಧಪಡಿಸುತ್ತಿದ್ದೆ. ಪರಶು ಕಾಕಾನ ಫೋನ್ ಬಂತು. ಆ ದಿನ ರಜೆ ಹಾಕಿ ಸಂತೆಗೆ ಹೋಗಿದ್ದವನು, ಮರಳುವಾಗ ನಂದಗಡದ ಕಡೆಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದ.

"ರೇಣೂ, ಗಾಬರಿ ಆಗಬ್ಯಾಡ. ನಿಮ್ಮಪ್ಪಗ ಗಾಡಿ ಬಡದೈತಿ. ಜೀವಕ್ಕೇನಿಲ್ಲ. ಬೆಳಗಾವಿ ದವಾಖಾನಿಗೇ ತರಾಕತ್ತೀವಿ."

ನಾನು ಆಸ್ಪತ್ರೆ ತಲುಪಿದಾಗ ಅಪ್ಪನನ್ನು ಒಳಗೆ ಒಯ್ದಿದ್ದರು. ಸೊಂಟದ ಎಲುಬು, ಬಲಗಾಲು. ಪಡಸಾಲೆಯಲ್ಲಿ ಪರಶು ಕಾಕಾ ಗೋಡೆಗೆ ಒರಗಿ ನಿಂತಿದ್ದ. ಅವನ ಕೈಯಲ್ಲಿ ಹಸಿರು ಕೋಲು ಇತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಬಂದಿದ್ದ.

"ಎರಡೂ ಕಡೆ ಯಾವ ಬಣ್ಣ ಇತ್ತು ಕಾಕಾ?" ಎಂದು ಕೇಳಿದೆ. ಕೇಳಿದ ಮೊದಲ ಪ್ರಶ್ನೆ ಅದು.

"ನಮ್ಮ ಕಡೆ ಕೆಂಪ. ಅರ್ಧಾ ತಾಸಿನಿಂದ ಕೆಂಪ. ಆ ಕಡೀನೂ ಕೆಂಪ ಇತ್ತಂತ. ಗಾಡಿ ಸಾಲು ಬಿದಿರಿನ ಆಚೀತನಾ ನಿಂತಿತ್ತು. ಮಂದಿ ಬೈಯಾಕತ್ತಿದ್ರು. ನಿಮ್ಮಪ್ಪ ಬಡಿಗಿ ತಗೊಂಡು ನಡಕೊಂಡು ಬರಾಕತ್ತಾನ. ನಮ್ಮ ಸಾಲಿನ್ಯಾಗ ಒಬ್ಬ ಪಿಕಪ್ಪಿನಾಂವ, ದೀಪಾ ಕೆಟ್ಟೈತಿ ಅಂತ ನುಗ್ಗಿಸಿದ. ತಗಡಿನ ಬಾಜೂಕ ಒಬ್ಬ ನಿಲ್ಲಾಕೂ ಜಾಗಾ ಇಲ್ಲ."

ಎರಡೂ ಕಡೆ ಕೆಂಪು ಎಂಬುದನ್ನು ಕೇಳಿದ ಕೂಡಲೇ ನನಗೆ ಮೊದಲು ಏನಾಯಿತು ಎಂಬುದನ್ನು ಬರೆಯಲೇಬೇಕು. ಸಮಾಧಾನವಾಯಿತು. ನನ್ನ ನಿಯಮ ಮುರಿದಿರಲಿಲ್ಲ. ಎರಡೂ ಕಡೆ ಹಸಿರು ಆಗಿರಲಿಲ್ಲ. ಆ ಸಮಾಧಾನ ಹೆಚ್ಚೆಂದರೆ ಎರಡು ಉಸಿರಿನಷ್ಟು ಹೊತ್ತು ಇದ್ದಿರಬೇಕು. ಅದರ ನಂತರ ಏನೂ ಬರಲಿಲ್ಲ. ಅಳು ಬರಬಹುದೆಂದು ಕಾದೆ. ಪಡಸಾಲೆಯ ನೆಲದ ಫರಸಿಗಳನ್ನು ಎಣಿಸಿದೆ. ಗೋಡೆಯಿಂದ ಗೋಡೆಗೆ ಹನ್ನೆರಡು ಇದ್ದವು. ಪರಶು ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು, "ಅಳವಾ, ಅತ್ತಬಿಡು," ಎಂದ. "ಚಹಾ ಕುಡೀತೀರೇನ್ರಿ ಕಾಕಾ?" ಎಂದು ಕೇಳಿದೆನಂತೆ. ಅದನ್ನು ಅವನು ಈಗಲೂ ನೆನೆಸುತ್ತಾನೆ.

ಮರುದಿನ ಪಾಟೀಲರು ಹಣ್ಣು ತೆಗೆದುಕೊಂಡು ಬಂದರು. ಹಾಸಿಗೆಯ ಬದಿಯಲ್ಲಿ ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ಇವರು ನಿಮ್ಮ...?"

"ನಮ್ಮ ತಂದೆಯವರು."

ಅವರು ಕೆಟ್ಟ ಮನುಷ್ಯರಲ್ಲ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದರು. ಎದ್ದು ಹೊರಡುವಾಗ ನನ್ನನ್ನು ಹೊರಗೆ ಕರೆದು, "ಖಾನಾಪುರದಾಗ ವಿಚಾರಣಿ ಇಡ್ತಾರಂತ. ನಿಮ್ಮ ವರದೀನೂ ಕೇಳ್ತಾರ. ನೀವು ಬರದದ್ದರಾಗ ಒಂದಕ್ಷರಾ ಸುಳ್ಳಿಲ್ಲ. ಅಷ್ಟ ಹೇಳ್ರಿ," ಎಂದರು.

ವಿಚಾರಣೆಯ ಹಿಂದಿನ ದಿನ ಪ್ರಯೋಗಾಲಯಕ್ಕೆ ಹೋಗಿ ಆ ಎರಡು ಓರೆಗೆರೆಗಳನ್ನು ಅಳಿಸಿ ಮಾದರಿಯನ್ನು ಮತ್ತೆ ಓಡಿಸಿದೆ. ಹನ್ನೊಂದು ಹೆಜ್ಜೆಗಳ ದಾರಿ ಬಂತು. ಒಂಬತ್ತನೆಯ ಹೆಜ್ಜೆ: ಸಂದೇಶ ನಷ್ಟ. ಹತ್ತು: ಈ ತುದಿ ಕಾಯುತ್ತಿದೆ. ಹನ್ನೊಂದು: ಆ ತುದಿ ಕಾಯುತ್ತಿದೆ. ಅದರ ಕೆಳಗೆ, ಮುಂದಿನ ಹೆಜ್ಜೆ ಇಲ್ಲ. ಅದನ್ನು ಮುದ್ರಿಸಿ, ನಾಲ್ಕಾಗಿ ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

ಖಾನಾಪುರದ ರಸ್ತೆ ಇಲಾಖೆಯ ಕಚೇರಿಯ ಕೋಣೆಯಲ್ಲಿ ಅಧಿಕಾರಿ, ಪಾಟೀಲರು, ನಾನು, ಬರೆದುಕೊಳ್ಳುವ ಗುಮಾಸ್ತರು. ಪಾಟೀಲರು ದೀಪಗಳ ದಾಖಲೆ ಕೊಟ್ಟರು. ಒಂದು ಸಲವೂ ಎರಡೂ ಕಡೆ ಹಸಿರಾಗಿರಲಿಲ್ಲ. ಅಧಿಕಾರಿ ನನ್ನ ವರದಿಯನ್ನು ತಿರುವಿದರು. ಮೂವತ್ತೊಂದನೆಯ ಪುಟವನ್ನು ಅವರ ಹೆಬ್ಬೆರಳು ದಾಟಿಹೋದದ್ದನ್ನು ನೋಡಿದೆ.

"ಇದು ನೀವ ಬರದದ್ದೇನವಾ?"

"ಹೌದು, ಸರ್."

"ಇದರಾಗ ಇರೂದೆಲ್ಲಾ ಬರೋಬರಿ ಐತಿ?"

ಮೌಖಿಕ ಪರೀಕ್ಷೆ ಮುಂದಿನ ವಾರವಿತ್ತು. ಚೀಲ ನನ್ನ ತೊಡೆಯ ಮೇಲಿತ್ತು. ಅವರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇತ್ತು.

"ವರದಿಯಲ್ಲಿ ಇರುವುದು ಸರಿ ಇದೆ, ಸರ್," ಎಂದೆ.

ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ನಾನು ಬೇರೆ ಮಾತು ಆಡಲಿಲ್ಲ.

ದೀಪಗಳಲ್ಲಿ ದೋಷ ಕಂಡುಬಂದಿಲ್ಲ, ಗಾಯಾಳು ಅನುಮತಿಯಿಲ್ಲದೆ ಸೇತುವೆಯ ಮೇಲೆ ಸಂಚರಿಸಿದ್ದೇ ಅಪಘಾತಕ್ಕೆ ಕಾರಣ ಎಂದು ಬರೆದ ಕಾಗದ ಒಂದು ತಿಂಗಳ ನಂತರ ಮನೆಗೆ ಬಂತು. ಅಪ್ಪ ಅದನ್ನು ಪರಶು ಕಾಕಾನಿಂದ ಎರಡು ಸಲ ಓದಿಸಿದರು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ.

"ನಾ ಯಾಕ ಹೋದ್ನಿ ಅಂತ ಯಾರೂ ಕೇಳಲಿಲ್ಲೇನೋ ಪರಶ್ಯಾ?"

"ಅದರಾಗ ಬರದಿಲ್ಲ."

"ಅಡ್ಡಾಡಾಕ ಹೋಗಿದ್ನೇನು ನಾ?"

ಊರಿನಲ್ಲಿ ಹಾಗೆಯೇ ಹೇಳಿದರು: ಮಲ್ಲಪ್ಪ ಮಳೆಯಲ್ಲಿ ಸೇತುವೆಯ ಮೇಲೆ ಅಡ್ಡಾಡಲು ಹೋಗಿ ಕಾಲು ಮುರಿದುಕೊಂಡ. ಕಟ್ಟೆಯ ಮೇಲೆ ಕುಳಿತವರು ನಗುತ್ತ ಹೇಳುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ. ಅಪ್ಪ ಮೊದಮೊದಲು ಕೋಲಿನ ವಿಷಯ ವಿವರಿಸುತ್ತಿದ್ದರು. ಅವರ ನಿಯಮದಲ್ಲಿ ಅವರು ಮಾಡಿದ್ದು ಸರಿಯೇ ಆಗಿತ್ತು. ಆಚೆ ತುದಿಯಲ್ಲಿ ತಡೆದು ನಿಲ್ಲಿಸುವ ಮನುಷ್ಯನಿಲ್ಲ, ದೀಪ ಮಾತ್ರ ಇದೆ ಎಂಬುದೊಂದನ್ನು ಅವರ ಕಾಲುಗಳು ಮರೆತಿದ್ದವು. ವಿವರಿಸಿದಷ್ಟೂ ಕೇಳುವವರು ಕಡಿಮೆಯಾದರು. ಆಮೇಲೆ ಅಪ್ಪ ಕಟ್ಟೆಗೆ ಹೋಗುವುದನ್ನೇ ಬಿಟ್ಟರು.

ನಾನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ಕೆಲಸ ಸಿಕ್ಕಿತು. ಸೇತುವೆ ಅಗಲವಾಯಿತು, ದೀಪಗಳು ಬೇರೆಲ್ಲೋ ಹೋದವು. ವಿದ್ಯಾರ್ಥಿಗಳ ವರದಿಗಳಲ್ಲಿ "ಎಂದು ಭಾವಿಸಲಾಗಿದೆ" ಎಂಬ ವಾಕ್ಯ ಕಂಡರೆ ಅದರ ಕೆಳಗೆ ಗೆರೆ ಎಳೆದು, ಭಾವನೆ ಸುಳ್ಳಾದರೆ ಏನಾಗುತ್ತದೆ ಎಂದು ಬರೆಯಲು ಹೇಳುತ್ತೇನೆ. ಅವರು ನನ್ನನ್ನು ಬಹಳ ಕಟ್ಟುನಿಟ್ಟಿನವಳು ಎನ್ನುತ್ತಾರೆ.

ಗೇಟಿನ ಬಣ್ಣ ಬೆರಳಿಗೆ ಹತ್ತಿದ ವಾರದ ಭಾನುವಾರ, ಮಡಚಿದಲ್ಲಿ ಹರಿಯಲು ಬಂದಿದ್ದ ಆ ಕಾಗದವನ್ನು ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಅಪ್ಪ ಒಳಪಡಸಾಲೆಯಲ್ಲಿ, ಬಲಗಾಲನ್ನು ಮುಂದೆ ಚಾಚಿ, ಶೇಂಗಾ ಸುಲಿಯುತ್ತ ಕುಳಿತಿದ್ದರು. ಎದುರಿಗೆ ಕುಳಿತು ಕಾಗದವನ್ನು ಓದಿದೆ. ಒಂದೊಂದು ಹೆಜ್ಜೆಯನ್ನೂ ನಮ್ಮ ಮನೆಯ ಮಾತಿನಲ್ಲಿ ಹೇಳಿದೆ. ಒಂಬತ್ತನೆಯ ಹೆಜ್ಜೆಗೆ ಅವರ ಕೈ ನಿಂತಿತು.

"ತಡಿ. ಈಗ ಬಡಿಗಿ ಯಾರ ಕಡೆ ಐತಿ?"

"ಯಾರ ಕಡೆನೂ ಇಲ್ಲಪ್ಪಾ."

"ಹಂಗಾರ ಕೊಟ್ಟಾಂವ ನಡೀಬೇಕಲ್ಲ."

"ಹೌದು. ನಡೀಬೇಕು."

"ಇದು ನಿನಗ ಅವಾಗ ಗೊತ್ತಿತ್ತೇನು?"

"ಗೊತ್ತಿತ್ತು. ವಿಚಾರಣಿ ದಿನ ಈ ಕಾಗದಾ ನನ್ನ ಚೀಲದಾಗಿತ್ತು. ತಗೀಲಿಲ್ಲ."

ಅಪ್ಪ ನನ್ನನ್ನು ನೋಡಲಿಲ್ಲ. ಒಂದು ಶೇಂಗಾ ಕಾಯಿ ಒಡೆದು, ಕಾಳು ಬೀಳಿಸದೆ, ಹಾಗೆಯೇ ಬೆರಳುಗಳ ನಡುವೆ ಹಿಡಿದುಕೊಂಡರು. ಅವ್ವ ಒಳಗಿನಿಂದ ಚಹಾ ತಂದಿಟ್ಟು ಹೋದಳು. ಚಹಾ ಆರಿತು. ಬೈದಿದ್ದರೆ ಏನಾದರೂ ಒಂದು ಮುಂದಿನ ಹೆಜ್ಜೆ ಸಿಗುತ್ತಿತ್ತೋ ಏನೋ. ಅವರು ಬೈಯಲಿಲ್ಲ.

"ಆ ಕಚೇರಿ ಇನ್ನಾ ಅಲ್ಲೇ ಐತಿ," ಎಂದಷ್ಟೇ ಅಂದರು.

ಸೋಮವಾರ ಕಾಲೇಜಿಗೆ ರಜೆ ಹಾಕಿದೆ. ಹನ್ನೊಂದು ಹೆಜ್ಜೆಗಳ ಆ ಕಾಗದದ ಜೊತೆಗೆ ಒಂದು ಪತ್ರ ಬರೆದೆ. ಈ ಸ್ಥಿತಿ ಬರಬಹುದೆಂದು ವರದಿ ಒಪ್ಪಿಸುವ ಮೊದಲೇ ನನಗೆ ತಿಳಿದಿತ್ತು. ಸಂದೇಶ ಮುಟ್ಟದಿದ್ದರೆ ನಡೆದು ಹೋಗಬೇಕೆಂಬುದು ಮಲ್ಲಪ್ಪನವರ ಕೆಲಸದ ಕ್ರಮವಾಗಿತ್ತು. ಅದನ್ನು ಅವರು ಮೊದಲೇ ನಮಗೆ ಹೇಳಿದ್ದರು. ಅವರು ಸೇತುವೆಯ ಮೇಲೆ ಹೋದದ್ದು ಅದಕ್ಕಾಗಿ. ಕೊನೆಗೆ ನನ್ನ ಹೆಸರು, ನನ್ನ ತಂದೆಯ ಹೆಸರು. ಈ ಸಲ ಪತ್ರವನ್ನು ಎರಡನೆಯ ಬಾರಿ ಓದಿ ನೋಡಲಿಲ್ಲ. ಮನೆಯಿಂದ ಕಚೇರಿಯವರೆಗೆ ನಡೆದುಕೊಂಡೇ ಹೋದೆ.

ಹೊಸ ಗುಮಾಸ್ತರು ಪತ್ರವನ್ನು ತಿರುವಿ ಮುರುವಿ ನೋಡಿದರು. "ಇದು ಮುಗದು ಹೋದ ಫೈಲಲ್ರಿ ಮೇಡಂ. ಇದನ್ನ ತಗೊಂಡು ನಾ ಏನ್ ಮಾಡ್ಲಿ?"

"ಆ ಫೈಲಿನಾಗ ಇಡ್ರಿ."

"ಇಟ್ರ ಏನಾಕ್ಕೈತಿ? ಯಾರೂ ತಗದು ನೋಡೂದಿಲ್ಲ."

"ಆಗಲಿರಿ. ಬಂದು ಮುಟ್ಟಿತು ಅಂತ ಇದರ ಝೆರಾಕ್ಸಿನ ಮ್ಯಾಲ ಒಂದು ಸೀಲ್ ಹಾಕಿ ಕೊಡ್ರಿ."

ಅವರು ನಿಟ್ಟುಸಿರು ಬಿಟ್ಟು ಸೀಲನ್ನು ಎರಡು ಸಲ ಒತ್ತಿದರು. ಮೊದಲ ಸಲ ಶಾಯಿ ಹತ್ತಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಮಳೆ ಶುರುವಾಗಿತ್ತು. ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಅಪ್ಪನ ದನಿ ಬಂತು. ಅವರು ಕುಳಿತಲ್ಲಿಗೆ ಬಾಗಿಲು ಕಾಣುವುದಿಲ್ಲ.

"ಮುಟ್ತೇನವ್ವಾ?"

"ಮುಟ್ತಪ್ಪಾ."

ಆಮೇಲೆ ಶೇಂಗಾ ಸುಲಿಯುವ ಸದ್ದು ಮತ್ತೆ ಕೇಳತೊಡಗಿತು.